ರೀಲಿನ ಬಿಗಿ

ನಮ್ಮ ಮನೆಯಲ್ಲಿ ಮೀನು ಒಲೆ ಹತ್ತುವುದಿಲ್ಲ. ಆದರೂ ಮೀನು ಹಿಡಿಯುವ ರೀಲೊಂದು ನಡುಮನೆಯ ಗೂಡಿನಲ್ಲಿ ವರ್ಷಗಟ್ಟಲೆ ರಾಜನ ಹಾಗೆ ಕೂತಿತ್ತು. ನನ್ನ ಗಂಡ ಸೀರೆ ವ್ಯಾಪಾರಕ್ಕೆಂದು ಮಂಗಳೂರಿಗೆ ಹೋದಾಗ, ಕಡಲ ದಡದಲ್ಲಿ ನಿಂತು ಅಲೆಗಳಾಚೆಗೆ ಗಾಳ ಎಸೆಯುವವರನ್ನು ನೋಡಿ ಮರುಳಾಗಿ, ಅವರಲ್ಲೇ ಒಬ್ಬರನ್ನು ಕಾಡಿಬೇಡಿ ಕೊಂಡು ತಂದದ್ದು. "ಸೀರೆ ಮಾರೋಕೆ ಕಳ್ಸಿದ್ರೆ ಇದೇನ್ರೀ ತಂದಿದ್ದೀರಾ? ದೊಡ್ಡಬಳ್ಳಾಪುರದಲ್ಲಿ ಯಾವ ಸಮುದ್ರ ಇದೆ?" ಎಂದು ನಾನು ರೇಗಿದೆ. ಇವರು ನಕ್ಕರು. ನನ್ನ ರೇಗಾಟಕ್ಕೆ ಇವರ ಉತ್ತರ ಯಾವಾಗಲೂ ಅಷ್ಟೇ.

ಆದರೆ ರೀಲಿಗೆ ಕೆಲಸ ಸಿಕ್ಕಿತು. ಭಾನುವಾರ ಇವರು ಹೋಗುತ್ತಿದ್ದದ್ದು ಮಾಕಳಿದುರ್ಗದ ಕಡೆಯ ಒಂದು ಕೆರೆಗೆ. ಅದರ ಅಂಚಿನಲ್ಲಿ ಆಳೆತ್ತರದ ಜೊಂಡು, ಜೊಂಡಿನಾಚೆ ನೀರೇ ಕಾಣದಷ್ಟು ಅಂತರಗಂಗೆ. ಬೇರೆಯವರ ಗಾಳವೆಲ್ಲ ಆ ಹಸಿರಿನಲ್ಲೇ ಬಿದ್ದು ಸಿಕ್ಕಿಕೊಳ್ಳುತ್ತಿತ್ತು. ಇವರದು ಅದನ್ನೆಲ್ಲ ದಾಟಿ ತಿಳಿನೀರಿಗೆ ಬೀಳುತ್ತಿತ್ತು. ಸಿಕ್ಕ ಮೀನನ್ನು ಏರಿಯ ಮೇಲೆ ಯಾರಿದ್ದರೋ ಅವರ ಕೈಗೆ ಕೊಟ್ಟು, ಸೋಪು ಹಾಕಿ ಕೈ ತೊಳೆದುಕೊಂಡು ಮನೆಗೆ ಬರುತ್ತಿದ್ದರು. ಇವರಿಗೆ ಬೇಕಾಗಿದ್ದದ್ದು ಮೀನಲ್ಲ, ಎಸೆಯುವ ಸುಖ.

ಆ ರೀಲಿನಲ್ಲಿ ಎಲ್ಲವೂ ಬಲಗೈ ಹೆಬ್ಬೆರಳ ಮೇಲೆ ನಿಂತಿದೆ. ಎಸೆದಾಗ ತುದಿಗೆ ಕಟ್ಟಿದ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹಾರುತ್ತದೆ, ದಾರ ಸುತ್ತಿದ ಉರುಳೆ ಗಿರ್ರನೆ ತಿರುಗುತ್ತದೆ. ಗುಂಡಿನ ವೇಗ ತಗ್ಗಿದರೂ ಉರುಳೆಗೆ ಅದು ತಿಳಿಯುವುದಿಲ್ಲ. ಅದು ತನ್ನ ಪಾಡಿಗೆ ದಾರ ಉಗುಳುತ್ತಲೇ ಇರುತ್ತದೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಸಿಕ್ಕುಸಿಕ್ಕು. ಅದಕ್ಕೇ ಹೆಬ್ಬೆರಳನ್ನು ಉರುಳೆಯ ಮೇಲೆ ತೇಲಿಸಿದ ಹಾಗೆ ಇಟ್ಟಿರಬೇಕು. ಒತ್ತಿದರೆ ಗುಂಡು ಕಾಲ ಬುಡದಲ್ಲಿ ಬೀಳುತ್ತದೆ. ಇವರಿಗೆ ಅದು ನೀರು ಕುಡಿದಷ್ಟು ಸಲೀಸಾಗಿತ್ತು. ಮಗ್ಗದಲ್ಲಿ ಕಡಿದ ಎಳೆಯನ್ನು, ನನ್ನ ಜೊತೆ ಮಾತಾಡುತ್ತಲೇ, ಬೆರಳಲ್ಲಿ ಹುಡುಕಿ ಕೂಡಿಸುತ್ತಿದ್ದ ಕೈ ಅದು.

ಏಟು ಬಿದ್ದದ್ದು ಆ ಕೈಗೇ. ನಮ್ಮ ಮಗ್ಗಗಳಿರುವುದು ಮನೆಯ ಹಿಂದಿನ ಶೆಡ್ಡಿನಲ್ಲಿ. ಇವರು ನೇಯುವುದು, ನಾನು ಲಾಳಿಗೆ ನೂಲು ಸುತ್ತಿಕೊಡುವುದು, ಮದುವೆಯಾದಾಗಿನಿಂದ ಹೀಗೇ ನಡೆದಿತ್ತು. ಒಂದು ದಿನ ಟ್ಯೂಬ್‌ಲೈಟು ಬದಲಿಸಲು ಸ್ಟೂಲು ಹತ್ತಿದವರು ಜಾರಿದರು. ಒಡೆದ ಗಾಜು ಬಲ ಮಣಿಕಟ್ಟಿನೊಳಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ನರ ಕೂಡಿಸಿ ಹೊಲಿದರು. ಕೆಲವು ತಿಂಗಳಲ್ಲಿ ಕೈಗೆ ಬಲ ಬಂತು, ಕೊಡ ಎತ್ತುವಷ್ಟು ಬಂತು. ಆದರೆ ಹೆಬ್ಬೆರಳಿಗೂ ಅದರ ಪಕ್ಕದ ಬೆರಳುಗಳಿಗೂ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ನರ ನಿಧಾನಕ್ಕೆ ಬೆಳೆಯುತ್ತದೆ, ಕಾದು ನೋಡಿ, ಬರಲೂಬಹುದು ಬರದೆಯೂ ಇರಬಹುದು ಎಂದರು ಡಾಕ್ಟರು.

ನಮ್ಮ ಬೀದಿಯಲ್ಲಿ ಬೆಳಿಗ್ಗೆಯಿಂದ ಮಗ್ಗದ ಸದ್ದು. ಆ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ಕೇಳಿಸುವುದೇ ಇಲ್ಲ. ಆದರೆ ಸುತ್ತ ಎಲ್ಲರ ಮನೆಯ ಮಗ್ಗ ಬಡಿಯುತ್ತಿದ್ದು ನಮ್ಮದೊಂದೇ ನಿಂತಾಗ, ಪ್ರತಿಯೊಂದು ಏಟೂ ಎದೆಗೆ ಬಡಿಯುತ್ತಿತ್ತು. ನಾನು ನೂಲು ಸುತ್ತಬಲ್ಲೆ, ಮಗ್ಗ ನಡೆಸಲಾರೆ. ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಹೊದಿಸಿ ಬಾಗಿಲು ಹಾಕಿಕೊಂಡು ಬಂದೆ. ನನ್ನ ಅಣ್ಣ, ಅವನೂ ನೇಯುವವನೇ, ಒಂದು ದಿನ ಬಂದು ಮೆಲ್ಲಗೆ ವಿಷಯ ತೆಗೆದ. "ಭಾವ, ಸುಮ್ನೆ ತುಕ್ಕು ಹಿಡಿಯೋದ್ಯಾಕೆ? ನಮ್ ಕಡೆ ಒಬ್ಬ ಇದ್ದಾನೆ, ಅವನ ಕೈಗೆ ಕೊಟ್ಬಿಡೋಣ. ನಿಮಗೂ ಒಂದು ಬಾಡಿಗೆ ಅಂತ ಬರ್ತದೆ."

ಇವರ ಮುಖ ಕಪ್ಪಿಟ್ಟಿತು. "ಕೈ ಬರ್ತಾ ಇದೆ ಕಣಪ್ಪ. ಈಗ್ಲೇ ಬೇಡ" ಎಂದರು. ಅಣ್ಣ ಹೋದ ಮೇಲೆ ಗೂಡಿನಿಂದ ರೀಲು ತೆಗೆದು ಧೂಳು ಒರೆಸುತ್ತಾ ನನಗೆ ಹೇಳಿದರು: "ಇದನ್ನ ಎಸೆಯೋಕೆ ಬಂತು ಅಂದ್ರೆ ಮಗ್ಗನೂ ಬಂತು ಅಂತ್ಲೇ ಲೆಕ್ಕ. ಎರಡಕ್ಕೂ ಬೇಕಾಗಿರೋದು ಒಂದೇ ಬೆರಳು." ನಾನೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿದುಕೊಳ್ಳಲು ಬೇರೆ ಏನಿತ್ತು?

ಭಾನುವಾರ ಕೆರೆಗೆ ಸ್ಕೂಟರ್ ನಾನು ಓಡಿಸಿದೆ. ಇವರು ಹಿಂದೆ ರೀಲು ಸಿಕ್ಕಿಸಿದ ಉದ್ದದ ಕೋಲನ್ನು ಬಾವುಟದ ಹಾಗೆ ಎತ್ತಿ ಹಿಡಿದು ಕೂತರು. ಮೊದಲ ಎಸೆತಕ್ಕೇ ಉರುಳೆಯ ಮೇಲೆ ದಾರ ಉಬ್ಬಿ ಬಂತು. ಎರಡನೆಯದಕ್ಕೂ ಅದೇ. "ಬ್ರೇಕು ಸಡಿಲಾಗಿದೆ" ಎಂದರು. ಆಮೇಲೆ "ಎಣ್ಣೆ ಒಣಗಿದೆ" ಎಂದರು. ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗರು ಹತ್ತಿರ ನಿಂತು ನೋಡಿ ಹೋದರು. ನಾನು ಏರಿಯ ಕಲ್ಲಿನ ಮೇಲೆ ಕೂತು ಸಿಕ್ಕು ಬಿಡಿಸಿದೆ. ಸಿಕ್ಕು ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಆದರೆ ಅವತ್ತು ನನಗೇ ಅಳು ಬಂತು.

ರೀಲಿನ ಮೇಲೆ ನಾನು ಕೈಯಿಟ್ಟದ್ದು ಹಾಗೆ. ಹಳೆಯ ಸೀರೆ ಹಾಸಿ, ಪಕ್ಕದ ಮುಚ್ಚಳದ ತಿರುಪು ಬಿಚ್ಚಿದೆ. ಒಳಗೆ ಪುಟ್ಟ ಪ್ಲಾಸ್ಟಿಕ್ ಮಣಿಗಳಿದ್ದವು. ಉರುಳೆ ಜೋರಾಗಿ ತಿರುಗಿದಾಗ ಅವು ಆಚೆಗೆ ಸರಿದು ಗೋಡೆಗೆ ಉಜ್ಜಿ ವೇಗ ತಗ್ಗಿಸುತ್ತವೆ, ಅದೇ ಬ್ರೇಕು. ಚಿಕ್ಕ ಮಣಿ ತೆಗೆದು, ಇವರು ಡಬ್ಬಿಯಲ್ಲಿ ಇಟ್ಟಿದ್ದ ದೊಡ್ಡ ಮಣಿ ಹಾಕಿದೆ. ಬೇರಿಂಗನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆದೆ. ಹೊಲಿಗೆ ಮಿಷನ್ನಿನ ತೆಳು ಎಣ್ಣೆ ಬಿಟ್ಟರೆ ಉರುಳೆ ಹುಚ್ಚೆದ್ದು ತಿರುಗಿತು. ಒರೆಸಿ, ಮಗ್ಗಕ್ಕೆ ಹಾಕುವ ಮಂದ ಎಣ್ಣೆ ಬಿಟ್ಟೆ. ಇನ್ನು ಉರುಳೆಯನ್ನು ಪಕ್ಕದಿಂದ ಒತ್ತಿ ಹಿಡಿಯುವ ಬಿಗಿ ತಿರುಪು. ಮಹಡಿ ಮೆಟ್ಟಿಲ ಮೇಲೆ ನಿಂತು ಗುಂಡನ್ನು ಕೆಳಗೆ ಬಿಡುತ್ತಿದ್ದೆ. ಗುಂಡು ನೆಲ ಮುಟ್ಟಿದ ಕೂಡಲೇ ಉರುಳೆಯೂ ನಿಲ್ಲಬೇಕು, ಒಂದು ಸುತ್ತೂ ಹೆಚ್ಚು ಹೋಗಬಾರದು. ಲಾಳಿಯಿಂದ ನೂಲು ಎಷ್ಟು ಬಿಗಿಯಲ್ಲಿ ಬರಬೇಕೆಂದು ನೋಡಿ ನೋಡಿ ಪಳಗಿದವಳು ನಾನು, ನನಗೆ ಇದೇನು ಬ್ರಹ್ಮವಿದ್ಯೆಯಲ್ಲ. ವಾರವಾರವೂ ಕೂದಲೆಳೆಯಷ್ಟು ತಿರುಗಿಸುತ್ತಾ ಬಂದೆ. ಉರುಳೆಯ ಅಂಚಿನವರೆಗೂ ತುಂಬಿದ್ದ ದಾರವನ್ನೂ ಸ್ವಲ್ಪ ಕಡಿಮೆ ಮಾಡಿದೆ.

ಸಿಕ್ಕು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಮೊದಲಿನ ದೂರವಿರಲಿಲ್ಲ, ಆದರೂ ಗುಂಡು ಅಂತರಗಂಗೆಯನ್ನು ಹೇಗೋ ದಾಟಿ ತಿಳಿನೀರಿನ ಅಂಚಿಗೆ ಬೀಳುತ್ತಿತ್ತು. ದಾರ ರೇಷ್ಮೆಯಂತೆ ಹೊರಡುತ್ತಿತ್ತು. "ಬೆರಳು ಹೇಗಿದೆ?" ಎಂದು ಪ್ರತಿ ಎಸೆತಕ್ಕೂ ಕೇಳುತ್ತಿದ್ದೆ. "ಜುಮ್ ಅಂತಾ ಇದೆ ಕಣೇ. ಬರ್ತಾ ಇದೆ" ಎನ್ನುತ್ತಿದ್ದರು. ಅಣ್ಣನಿಗೆ ಫೋನು ಮಾಡಿ ಯುಗಾದಿ ಕಳೆಯಲಿ, ಮಗ್ಗ ನಾನೇ ಶುರು ಮಾಡುತ್ತೇನೆ ಎಂದೂ ಹೇಳಿಬಿಟ್ಟರು. ನಾನು ಶೆಡ್ಡಿನ ಬಾಗಿಲು ತೆಗೆದು ಕಸ ಹೊಡೆದೆ.

ಆಮೇಲಿನ ಭಾನುವಾರ ಇವರಿಗೆ ಹುಮ್ಮಸ್ಸು ಬಂದು ಬಿಗಿ ತಿರುಪನ್ನು ತಾವೇ ಸಡಿಲ ಮಾಡಿದರು. ಎಸೆದರು. ಅಂಥ ಸಿಕ್ಕನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. "ಎದುರುಗಾಳಿ" ಎಂದರು. ಹೌದು, ಗಾಳಿಯಿತ್ತು, ಜೊಂಡು ಬಾಗುತ್ತಿತ್ತು. ನಾನು ಅದನ್ನೇ ನಂಬಿದೆ. ಮನೆಗೆ ತಂದು ಎಷ್ಟು ಹೊತ್ತು ಕೂತರೂ ಬಿಡಿಸಲು ಆಗದೆ, ಸಿಕ್ಕಿನ ಭಾಗವನ್ನು ಕತ್ತರಿಸಿ ತೆಗೆದೆ. ದಾರ ಎರಡು ತುಂಡಾಯಿತು. ನೇಕಾರರ ಮನೆಯವಳಿಗೆ ತುಂಡಾದದ್ದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಮಗ್ಗದ ಗಂಟು ನೈಲಾನಿನಲ್ಲಿ ಜಾರುತ್ತದೆಂದು ಇನ್ನೊಂದು ಸುತ್ತು ಹಾಕಿ, ಎಂಜಲು ಮುಟ್ಟಿಸಿ ಬಿಗಿದೆ. ಅಕ್ಕಿಕಾಳಿನಷ್ಟು ದಪ್ಪದ ಗಂಟಾಯಿತು. ಸುತ್ತಿಟ್ಟು, ಬಿಗಿಯನ್ನು ಮೊದಲಿನಂತೆ ಮಾಡಿದೆ. ಹೇಳಿದರೆ ಗಂಟಿನ ದಾರ ಬೇಡವೆಂದು ತಕರಾರು ತೆಗೆಯುತ್ತಾರೆ, ಹೊಸ ದಾರ ತರುವವರೆಗೆ ನಡೆಯಲಿ ಎಂದು ಸುಮ್ಮನಾದೆ.

ಮುಂದಿನ ವಾರ ಕೆರೆಯ ಮೇಲೆ ಗಾಳಿಯೇ ಇರಲಿಲ್ಲ. ಮೋಡ ಮುಚ್ಚಿ, ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಇವರು ಎಸೆದರು. ಗಂಟು ಉರುಳೆಯಿಂದ ಎದ್ದು ಇವರ ಹೆಬ್ಬೆರಳ ಅಡಿಯಲ್ಲೇ ಹಾದು, ದಾರ ಹಾಯಲೆಂದು ಕೋಲಿಗೆ ಹಾಕಿದ ಬಳೆಗಳಿಗೆ ಟಕಟಕ ಬಡಿದು ಹೋದದ್ದು ಪಕ್ಕದಲ್ಲಿ ನಿಂತ ನನಗೆ ಕೇಳಿಸಿತು. ಇವರೀಗ ಬೈಯುತ್ತಾರೆಂದು ಕಾದೆ. ಇವರು ನೀರನ್ನೇ ನೋಡುತ್ತಿದ್ದರು. "ಹೇಗಿದೆ ಬೆರಳು?" ಎಂದೆ. "ಚೆನ್ನಾಗಿದೆ" ಎಂದರು.

ಸ್ವಲ್ಪ ಹೊತ್ತಿಗೆ ದಾರ ವಾಪಸು ಸುತ್ತತೊಡಗಿದರು. ಸುತ್ತುವಾಗ ಬಲಗೈ ಹಿಡಿ ತಿರುಗಿಸುತ್ತದೆ, ಎಡಗೈ ಹೆಬ್ಬೆರಳು ದಾರವನ್ನು ಉರುಳೆಯ ಮೇಲೆ ಸಮನಾಗಿ ಹಾಯಿಸುತ್ತದೆ. ಇದ್ದಕ್ಕಿದ್ದಂತೆ ಕೈ ನಿಂತಿತು.

"ಗಂಟು ಹಾಕಿದ್ಯಾ?"

"ಹೂಂ."

ಎಡ ಹೆಬ್ಬೆರಳನ್ನು ಗಂಟಿನ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸಿದರು. ಆಮೇಲೆ ಬಲಗೈಯನ್ನು ತಂದು ಅದರ ಹೆಬ್ಬೆರಳನ್ನು ಅಲ್ಲೇ ಇಟ್ಟು ಆಡಿಸಿದರು. ಏನಾದರೂ ಅನ್ನಿ, ಸುಳ್ಳಾದರೂ ಅನ್ನಿ ಎಂದು ಮನಸ್ಸು ಕೂಗಿಕೊಂಡಿತು.

"ಜುಮ್ ಅಂತದೆ ಅಂತಿದ್ರಲ್ರೀ?" ಎಂದೆ.

"ನೀನು ಕೇಳ್ತಿದ್ಯಲ್ಲ. ಅದಕ್ಕೆ ಅಂತಿದ್ದೆ."

ಕೋಪ ನೆತ್ತಿಗೇರಿತು. "ಇಷ್ಟು ದಿನ ನನ್ನನ್ನ ಏನು ಅಂದ್ಕೊಂಡ್ರಿ? ಶೆಡ್ಡು ಬೇರೆ ಗುಡಿಸಿಟ್ಟಿದ್ದೀನಲ್ರೀ!" ಎಂದು ಏರಿಯ ಮೇಲೆ ನಾಲ್ಕು ಜನ ತಿರುಗಿ ನೋಡುವ ಹಾಗೆ ಕೂಗಿದೆ. ಇವರು ರೀಲನ್ನು ಮಡಿಲಲ್ಲಿ ಇಟ್ಟುಕೊಂಡು ಕಲ್ಲಿನ ಮೇಲೆ ಕೂತರು.

"ಬೆರಳೇ ಇಲ್ದಿದ್ರೂ ಎಸೆಯೋ ಹಂಗೆ ಮಾಡಿಟ್ಟಿದ್ಯಲ್ಲೇ ಇದನ್ನ" ಎಂದರು. "ಅಷ್ಟು ಕಷ್ಟ ಬೀಳ್ತಾ ಇದ್ಯಲ್ಲ, ಇನ್ನೇನು ಬಂದ್ಬಿಡ್ತದೆ ಅಂತ ನಂಗೂ ಅನ್ನಿಸ್ತಿತ್ತು. ಬರಲ್ಲ ಕಣೇ ಇದು. ಬಿಸಿ ಲೋಟ ಹಿಡಿದ್ರೂ ಗೊತ್ತಾಗಲ್ಲ."

ಬಿಗಿ ಹೆಚ್ಚಿಸಿದಷ್ಟೂ ಬೆರಳಿನ ಕೆಲಸ ಕಡಿಮೆಯಾಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ರೀಲು ಸರಿಯಾಗಲೆಂದು ಕೂತವಳು ಕೈ ಸರಿಯಾಯಿತೆಂದು ನಂಬಿಕೊಂಡಿದ್ದೆ, ಅಷ್ಟೆ. ಪಕ್ಕದಲ್ಲಿ ಕೂತು ಇವರ ಬಲಗೈ ಹಿಡಿದುಕೊಂಡೆ. ಹಿಡಿದದ್ದು ಇವರಿಗೆ ಗೊತ್ತಾಯಿತೋ ಇಲ್ಲವೋ, ಕೇಳಲಿಲ್ಲ.

ಮನೆಗೆ ಬಂದ ಮೇಲೆ ಇವರೇ ಹೇಳಿದರು, "ನಿಮ್ಮಣ್ಣನ ಮನೆಗೆ ಹೋಗ್ಬಿಟ್ಟು ಬರೋಣ ನಡಿ. ಮಗ್ಗಕ್ಕೆ ಆ ಮನುಷ್ಯನ್ನ ಸೋಮವಾರದಿಂದ್ಲೇ ಕಳಿಸ್ಲಿ." ನಾನು ಮುಖ ತೊಳೆದು ಸೀರೆ ಬದಲಿಸಿ ಬರುವಷ್ಟರಲ್ಲಿ ಇವರು ಒಗೆದ ಬಿಳಿ ಅಂಗಿ ತೊಟ್ಟು, ಎದೆ ತೆರೆದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಗುಂಡಿ ಹಾಕು" ಎಂದರು.

ಗಾಜು ಚುಚ್ಚಿದ ದಿನದಿಂದ ಇವರು ಟೀ ಶರ್ಟು ಬಿಟ್ಟು ಬೇರೇನೂ ತೊಟ್ಟಿರಲಿಲ್ಲ. ಈ ವಯಸ್ಸಿನಲ್ಲಿ ಏನು ಶೋಕಿ ನೋಡಿ ಎಂದು ಬೀದಿಯವರ ಮುಂದೆಲ್ಲ ನಾನೇ ಆಡಿಕೊಂಡು ನಕ್ಕಿದ್ದೆ. ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತಾ ಬಂದೆ. ಕತ್ತಿನ ಹತ್ತಿರ ಬಂದಾಗ ಇವರು ಸ್ಕೂಲಿಗೆ ಹೊರಟ ಮಗುವಿನ ಹಾಗೆ ಗದ್ದ ಎತ್ತಿ ನಿಂತುಕೊಂಡರು.