ಅಜ್ಜಿ ಉಕ್ಕಲು ಬಿಡದ ಹಾಲು

ಟೀ ಕುಡೀತಾ ಕೇಳು ಗೆಳೆಯ, ಸ್ವೀಡನ್ನಿನಲ್ಲಿ ಅರಮನೆಯನ್ನೇ ಬಾಡಿಗೆಗೆ ಹಿಡಿದವನು ನಾನು. ಸುಳ್ಳು ಬಿಡು, ರಾಜಧಾನಿಯ ಕಿಸ್ಟಾ ಬಡಾವಣೆಯ ಬಾಡಿಗೆ ತಾಳಲಾರದೆ ಉತ್ತರದ ಸುಂಡ್ಸ್‌ವಾಲ್‌ನಲ್ಲಿ ಎರಡು ಕೋಣೆಯ ಅಗ್ಗದ ಮನೆ ಹಿಡಿದೆ. "ಒಲೆ ಮೇಲೆ ಒಂದು ತೊಟ್ಟೂ ಚೆಲ್ಲುವವರಲ್ಲ ನಾವು" ಎಂದು ಮನೆಯೊಡತಿ ಇಂಗ್ರಿಡ್ ಅಜ್ಜಿಗೆ ಮೊದಲೇ ಕೊಚ್ಚಿಕೊಂಡಿದ್ದೆ. ಗೃಹಪ್ರವೇಶದ ದಿನ ಅಜ್ಜಿ ಒಲೆ ಪಕ್ಕದಲ್ಲೇ ನಿಂತರು. ಹಾಲು ಮೇಲೇರಿದಾಗಲೆಲ್ಲ ಪಾತ್ರೆ ಎತ್ತಿ ಕಾಪಾಡಿದರು.

"ರೀ, ಹಾಲು ಉಕ್ಕದ ಮನೇಲಿ ನಾನಿರಲ್ಲ," ಎಂದು ಹೆಂಡತಿ ಕಣ್ಣು ತುಂಬಿಕೊಂಡಳು.

ನಾನು ಅಜ್ಜಿಯನ್ನು ಕಿಟಕಿಯತ್ತ ತಿರುಗಿಸಿ, ಬೆಂಗಳೂರಲ್ಲಿ ಆನೆ ಮೇಲೆ ಆಫೀಸಿಗೆ ಹೋಗುತ್ತಿದ್ದ ಕತೆ ಶುರುಮಾಡಿದೆ. "ಆನೆಗೆ ಪಾರ್ಕಿಂಗ್ ಎಲ್ಲಿ ಸಿಗ್ತಿತ್ತು?" ಎಂದು ಅವರು ಕೇಳುವಷ್ಟರಲ್ಲಿ ಹಿಂದೆ ಹಾಲು ಸುರ್ರೆಂದು ಉಕ್ಕಿತು. ಹೆಂಡತಿ ಒಲೆಗೆ ಕೈಮುಗಿದಳು. ನನಗೆ ಹೋದ ಜೀವ ಬಂತು.

"ನನ್ನದೇ ತಪ್ಪು, ಮಾತಲ್ಲಿ ಮೈಮರೆತೆ!" ಎಂದು ಅಜ್ಜಿಯೇ ಒಲೆ ಒರೆಸಿಕೊಟ್ಟರು.

ಇವತ್ತಿನ ಟೀ ದುಡ್ಡು ನೀನೇ ಕೊಡಪ್ಪ. ಆನೆ ಸಾಕಿ ಸೋತಿದ್ದೀನಿ.