ಹಿಡಿತ ಬಿಟ್ಟ ಮೇಲಿನ ಚಿತ್ರ

ಭಾವ ಲ್ಯಾಬಿಗೆ ಬಂದ ದಿನ ಲಿಫ್ಟು ನಡುವೆ ನಿಲ್ಲಬಹುದಿತ್ತು. ಕರೆಂಟು ಹೋಗಬಹುದಿತ್ತು. ಕಾಪುವಿನಿಂದ ಬರುವ ಕಾರು ಕಟಪಾಡಿಯಲ್ಲಿ ಸಿಕ್ಕಿಬಿದ್ದು, ಭಾವನ ಆಮ್ಲಜನಕದ ಸಿಲಿಂಡರು ಅಲ್ಲಿಯೇ ಮುಗಿಯಬಹುದಿತ್ತು. ಜೀವಕೋಶಗಳ ತಟ್ಟೆಗೆ ಬೂಷ್ಟು ಹಿಡಿಯಬಹುದಿತ್ತು. ಅಥವಾ ಅವು ಹಿಂದಿನ ದಿನವೇ ಸತ್ತು ನನ್ನ ಮಾನ ಕಳೆಯಬಹುದಿತ್ತು. ಲಿಫ್ಟು ಕೈಕೊಟ್ಟರೆ ಹೊತ್ತು ತರಲೆಂದು ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಇಟ್ಟಿದ್ದೆ. ಪ್ರಯೋಗಗಳು ಕೈಗೆ ಹತ್ತಿದರೂ ಹತ್ತದಿದ್ದರೂ ಚಿಂತೆ ಮಾತ್ರ ನನಗೆ ಚೆನ್ನಾಗಿ ಹತ್ತುತ್ತದೆ.

ಇವತ್ತು ಬೆಳಿಗ್ಗೆ ಮಣಿಪಾಲದ ನಮ್ಮ ಲ್ಯಾಬಿನ ಕಂಪ್ಯೂಟರು ಜಾಗ ಸಾಲದೆಂದು ಹಠ ಹಿಡಿಯಿತು. ಹಳೆಯ ಚಿತ್ರಗಳನ್ನು ಅಳಿಸುತ್ತ ಹೋದವನ ಬೆರಳು ಒಂದರ ಮೇಲೆ ನಿಂತಿತು. ಭಾವ ಬಂದ ದಿನದ್ದು.

ನಮ್ಮ ಕೆಲಸವೇನೆಂದು ಹೇಳಿಬಿಡುತ್ತೇನೆ, ಬೇಸರಿಸಬೇಡಿ. ಜೀವಕೋಶ ಸುಮ್ಮನೆ ಕೂರುವಂಥದ್ದಲ್ಲ. ಕೂತ ನೆಲವನ್ನು ಹಿಡಿದು ಎಳೆಯುತ್ತಲೇ ಇರುತ್ತದೆ. ಆ ಎಳೆತವನ್ನು ಅಳೆಯಲು ಅದನ್ನು ಎಳನೀರು ಬೊಂಡದ ಎಳೆ ತಿರುಳಿನಂಥ ಜೆಲ್ಲಿನ ಮೇಲೆ ಕೂರಿಸುತ್ತೇವೆ. ಜೆಲ್ಲಿನೊಳಗೆ ಹೊಳೆಯುವ ಸೂಕ್ಷ್ಮ ಮಣಿಗಳು. ಕೋಶ ಎಳೆದಾಗ ಮಣಿಗಳು ಜರುಗುತ್ತವೆ. ಆದರೆ ಎಲ್ಲಿಂದ ಜರುಗಿದವು? ಅದು ತಿಳಿಯಬೇಕಾದರೆ ಔಷಧ ಹಾಕಿ ಕೋಶದ ಹಿಡಿತ ಬಿಡಿಸಬೇಕು. ಮಣಿಗಳು ಸ್ವಸ್ಥಾನಕ್ಕೆ ಮರಳಿದ ಮೇಲೆ ಇನ್ನೊಂದು ಚಿತ್ರ ತೆಗೆಯಬೇಕು. ಎರಡರ ನಡುವಿನ ಅಂತರದಿಂದ ಬಲದ ಲೆಕ್ಕ.

ಭಾವ, ಅಂದರೆ ಅಕ್ಕನ ಗಂಡ, ಪ್ರಾಯವೆಲ್ಲ ಕಾಪುವಿನ ಕಡಲದಂಡೆಯಲ್ಲಿ ಕೈರಂಪಣಿ ಮೀನುಬಲೆಯ ಹಗ್ಗ ಎಳೆದವರು. ಆ ಹೊತ್ತಿಗೆ ಅವರ ಶ್ವಾಸಕೋಶವನ್ನು ಅದರೊಳಗಿನ ಕೋಶಗಳೇ ಎಳೆದೆಳೆದು ಬಿಗಿಯುತ್ತಿದ್ದವು. ವಾಸಿಯಾಗುವ ರೋಗವಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಪರೀಕ್ಷೆಗೆ ತೆಗೆದ ಶ್ವಾಸಕೋಶದ ಚೂರಿನಲ್ಲಿ ಮಿಕ್ಕದ್ದನ್ನು ಭಾವ ತಾವಾಗಿಯೇ ಒಪ್ಪಿ ನಮಗೆ ಕೊಟ್ಟರು. ಕೊಟ್ಟ ಮೇಲೆ ಒಂದೇ ಹಠ.

“ಎಳೆಯುವವನ ಜೋರು ಎಷ್ಟು ಅಂತ ಗೊತ್ತಾಗಬೇಕು. ಕಾಣದವನ ಜೊತೆ ಎಂತ ಹಗ್ಗಜಗ್ಗಾಟ ಮಾರಾಯ?”

“ನೋಡಿದರೆ ಉಸಿರು ಬರ್ತದಾ?” ಎಂದಳು ಅಕ್ಕ.

“ಇಲ್ಲಿ ಕೂತರೆ ಬರ್ತದಾ?”

ಅವರ ಕೋಶಗಳು ಬದುಕಿ ಉಳಿದದ್ದು ಒಂದೇ ತಟ್ಟೆಯಲ್ಲಿ. ಲ್ಯಾಬಿನ ಮುಖ್ಯಸ್ಥರ ಅನುಮತಿ ಪಡೆದು ಒಂದು ಭಾನುವಾರ ಅವರನ್ನು ಕರೆಸಿದೆ. ಕಾರು ಬಂತು, ಲಿಫ್ಟು ಏರಿತು, ಕರೆಂಟು ಇತ್ತು. ಕುರ್ಚಿಯ ವಿಷಯ ಕೇಳಿ ಭಾವ, “ಅದು ನಿನಗೇ ಬೇಕಾದೀತು. ಮುಖ ನೋಡು, ಬಂಗುಡೆ ಬಾಡಿದ ಹಾಗೆ ಉಂಟು” ಎಂದರು.

ಪರದೆಯ ಮೇಲೆ ಕೋಶ ಕಂಡಾಗ ಅವರ ತಮಾಷೆ ನಿಂತಿತು. “ಇಷ್ಟು ಸಣ್ಣದಾ! ಕಾಲು ಊರಿ ಎಳೆಯುವುದು ನೋಡು. ನಮ್ಮ ಹಾಗೆಯೇ, ಅಲ್ವಾ?” ದನಿಯಲ್ಲಿ ಸಿಟ್ಟಿರಲಿಲ್ಲ, ಎದುರು ತಂಡದ ಒಳ್ಳೆಯ ಆಳನ್ನು ಮೆಚ್ಚುವಂತಿತ್ತು.

ಮೊದಲ ಚಿತ್ರ ತೆಗೆದೆ. ಔಷಧ ಬಿಟ್ಟೆ.

“ಅದು ಕೈಬಿಟ್ಟ ಮೇಲೆಯೇ ಲೆಕ್ಕ ಸಿಗುವುದಾ?”

“ಹೌದು ಭಾವ.”

“ಹಾಗಾದರೆ ನನ್ನ ಲೆಕ್ಕವೂ ನಿನ್ನ ಅಕ್ಕನಿಗೆ ಆಮೇಲೆಯೇ ಸಿಗ್ತದೆ” ಎಂದು ನಕ್ಕರು.

ನಗು ಕೆಮ್ಮಾಯಿತು. ಆಸರೆಗೆಂದು ಸೂಕ್ಷ್ಮದರ್ಶಕದ ಮೇಜಿನ ಅಂಚನ್ನು ಹಿಡಿದರು. ಅಲುಗಿ ಚಿತ್ರ ಕೆಟ್ಟೀತೆಂದು ನಾವು ಮೊಣಕೈ ಕೂಡ ತಾಗಿಸದ ಮೇಜು. ತಟ್ಟೆ ಜಾರಿತು, ಅದೇ ಹೊತ್ತಿಗೆ ಕ್ಯಾಮರಾದಲ್ಲಿ ಎರಡನೆಯ ಚಿತ್ರ ಬಿತ್ತು. ಜೆಲ್ಲು ಹರಿದಿತ್ತು. ಕೋಶ ಆಗಲೇ ಹಿಡಿತ ಬಿಟ್ಟು ತೇಲಿಹೋಗಿತ್ತು.

ಬಾಯಿ ಒರೆಸಿಕೊಂಡು ಕೇಳಿದರು: “ಎಷ್ಟು?”

ಹರಿದ ಜೆಲ್ಲನ್ನು ಪರದೆಯ ಮೇಲೆ ತೋರಿಸಿದೆ.

“ಹಗ್ಗ ತುಂಡಾಯ್ತಾ?”

“ಹೌದು ಭಾವ.”

ಆ ಮಳೆಗಾಲ ಮುಗಿಯುವ ಮೊದಲೇ ಭಾವ ಹೋದರು. ಎಷ್ಟೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ, ನನಗೂ.

ಆ ಎರಡನೆಯ ಚಿತ್ರ ಕೆಟ್ಟದ್ದೆಂದು ಇಷ್ಟು ದಿನ ಅದನ್ನು ತೆರೆದಿರಲೇ ಇಲ್ಲ. ಇವತ್ತು ತೆರೆದೆ. ಮಣಿಗಳೆಲ್ಲ ಗೆರೆಗಳಾಗಿವೆ, ಎಲ್ಲವೂ ಒಂದೇ ಕಡೆಗೆ, ಭಾವ ಮೇಜು ಹಿಡಿದ ಕಡೆಗೆ, ಎಳೆದಂತಿವೆ. ಅದನ್ನು ಉಳಿಸಿಕೊಂಡು, ಅಚ್ಚುಕಟ್ಟಾಗಿ ಬಂದ ಬೇರೆ ಚಿತ್ರಗಳನ್ನು ಅಳಿಸಿದೆ.

ನಾನು ಹೆದರಿದ್ದು ಯಾವುದೂ ಆ ದಿನ ಆಗಲಿಲ್ಲ. ಭಾವ ಒಮ್ಮೆ ಕೆಮ್ಮಿದರು, ಅಷ್ಟೆ.