ಬೆಟ್ಟ ಏಳುವ ಮುನ್ನ

ಬೆಳಗ್ಗೆ ಆರೂ ಐದು. ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಬೆಟ್ಟವೊಂದು ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದೆ. ಕಿಟಕಿಯಿಂದ ಎಳೆಬಿಸಿಲು ಅಡ್ಡಡ್ಡ ಬಂದು, ಮಂಚ ದಾಟಿ, ಎದುರು ಗೋಡೆಗೆ ಬಿಗಿದ ಬಿಳಿ ಬಟ್ಟೆಯ ಮೇಲೆ ನೆರಳು ಚೆಲ್ಲಿದೆ. ಹಣೆ, ಮೂಗು, ಹೊಟ್ಟೆ, ಮೊಣಕಾಲು. ಪರದೆ ಬರೆಯುವಾಕೆ ಇದ್ದಿಲು ಹಿಡಿದು ತುದಿಗಾಲಲ್ಲಿ ನಿಂತಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ಗೆರೆ ಮುಗಿಯಬೇಕು. ಬಿಸಿಲೇರಿದರೆ ನೆರಳು ಕುಸಿಯುತ್ತದೆ. ಅಲಾರಂ ಹೊಡೆದರೆ ಬೆಟ್ಟವೇ ಎದ್ದು ಹಲ್ಲುಜ್ಜಲು ಹೋಗುತ್ತದೆ.

ಫೋಟೋ ಸ್ಟುಡಿಯೋದಲ್ಲಿ ನಾವು ಬೆನ್ನು ಮಾಡಿ ಕೂರುತ್ತೇವಲ್ಲ, ಬೆಟ್ಟ-ಕೆರೆ-ಮೋಡದ ದೊಡ್ಡ ಪರದೆ, ಅದನ್ನು ಬರೆಯುವುದು ಈಕೆಯ ಕಸುಬು. ಇಪ್ಪತ್ತಮೂರು ವರ್ಷ, ನೂರ ಹನ್ನೆರಡು ಪರದೆ, ಒಂದರ ಮೇಲೂ ಹೆಸರಿಲ್ಲ. ಕಲಾವಿದರಿಗೆ ಪ್ರಕೃತಿಯೇ ಸ್ಫೂರ್ತಿ ಎನ್ನುತ್ತಾರೆ. ಈಕೆಯ ಪ್ರಕೃತಿ ಸಿಟಿ ಬಸ್ ಓಡಿಸುತ್ತದೆ.

ಮಂಚದ ಮೇಲೆ ಮಲಗಿರುವ ಬಸ್ ಡ್ರೈವರೇ ಆ ಬೆಟ್ಟ, ಅಷ್ಟೂ ವರ್ಷ ಜೊತೆಗೆ ಬಾಳಿದ ಸಂಗಾತಿ. ಪರದೆಯಾಕೆಯ ತಂಗಿಯ ಮಕ್ಕಳಿಗೆ ಒಬ್ಬರು ಪರದೆ ದೊಡ್ಡಮ್ಮ, ಇನ್ನೊಬ್ಬರು ಬಸ್ ದೊಡ್ಡಮ್ಮ.

"ಮೊದಲ್ನೇ ಪರದೆಗೆ ಎಲ್ಲಾದ್ರೂ ಹೋಗಿ ಬೆಟ್ಟ ನೋಡ್ಕೊಂಡ್ ಬರೋಣ ಅಂತಿದ್ದೆ. ಬೆಳಗ್ಗೆ ಕಣ್ಣು ಬಿಟ್ರೆ ಪಕ್ಕದಲ್ಲೇ ಇತ್ತು," ಎನ್ನುತ್ತಾರೆ ಪರದೆಯಾಕೆ. ಡ್ರೈವರಿಗೆ ಮಾತ್ರ ಹೇಳಿಲ್ಲವಂತೆ. "ಗೊತ್ತಾದ್ರೆ ಹೊಟ್ಟೆ ಒಳಗೆಳ್ಕೊಂಡು ಮಲಗ್ತಾಳೆ. ಬೆಟ್ಟ ಕೆಡತ್ತೆ."

ಈ ಬೆಟ್ಟದ ಖ್ಯಾತಿ ಸಣ್ಣದಲ್ಲ. ಅದರ ತುದಿ ಹತ್ತಿ ಸೂರ್ಯೋದಯ ನೋಡಿದ್ದೇನೆಂದು ನಿವೃತ್ತ ಮೇಷ್ಟ್ರೊಬ್ಬರು ಆಣೆ ಮಾಡುತ್ತಾರೆ. ಅವರು ಹೇಳುವ ಜಾಗ ಡ್ರೈವರಮ್ಮನ ಮೂಗು. ಜ್ವರ ಬಂದು ಎರಡು ಕಂಬಳಿ ಹೊದ್ದ ವಾರದ ಬೆಟ್ಟ ಪಕ್ಕದ ಊರಿನ ಸ್ಟುಡಿಯೋದಲ್ಲಿದೆ. ನಮ್ಮ ಬೆಟ್ಟವೇ ಎತ್ತರವೆಂದು ಆ ಊರಿನವರು ಇಂದಿಗೂ ಮೀಸೆ ತಿರುವುತ್ತಾರೆ.

ತೊಂದರೆ ಶುರುವಾದದ್ದು ಹೋದ ವಾರ. ಡ್ರೈವರಮ್ಮನ ಬೆನ್ನುನೋವಿಗೆ ಡಾಕ್ಟರು ಮಗ್ಗುಲಾಗಿ ಮಲಗಲು ಹೇಳಿದರು. ಮೂಗು, ಹೊಟ್ಟೆ ಎರಡೂ ಹೋಗಿ ಬರೀ ಭುಜ ಉಳಿಯಿತು. ಅದೇ ಹೊತ್ತಿಗೆ, ಕೈಯಲ್ಲಿ ಬರೆದ ಪರದೆ ಕೇಳುವ ಕೊನೆಯ ಸ್ಟುಡಿಯೋದಲ್ಲಿ ಹಳೆಯದು ಹರಿಯಿತು. ಪರದೆಯಾಕೆ ನೆನಪಿನಿಂದಲೇ ಹೊಸತು ಬರೆದು ಒಯ್ದರು. ಸ್ಟುಡಿಯೋದಾತ ಕತ್ತು ಓರೆ ಮಾಡಿ ನೋಡಿದ.

"ಅಕ್ಕಾ, ಇದು ಬೆಟ್ಟದ ಥರ ಇದೆ."

"ಬೆಟ್ಟಾನೇ ಕಣಪ್ಪಾ."

"ಅದೇ ತೊಂದ್ರೆ. ಹಳೇದು ನೋಡಿದ್ರೆ ನಿದ್ದೆ ಬರ್ತಿತ್ತು. ಅಳೋ ಮಕ್ಕಳು ಸುಮ್ಮನಾಗ್ತಿದ್ವು. ಭಾನುವಾರದೊಳಗೆ ಅದೇ ಬೆಟ್ಟ ತಂದ್ಕೊಡಿ. ಇಲ್ದಿದ್ರೆ ನಾನೂ ಎಲ್ಲರ ಹಾಗೆ ಪ್ರಿಂಟ್ ಹಾಕಿಸ್ಬಿಡ್ತೀನಿ."

ಹಾಗಾಗಿ ಇವತ್ತಿನ ಶುಕ್ರವಾರಕ್ಕೆ ಇಷ್ಟು ಬೆಲೆ. ಎಂಟು ದಿನದ ಮೇಲೆ ಬೆಟ್ಟ ತಾನಾಗಿ ಅಂಗಾತವಾಗಿದೆ. ಇದ್ದಿಲು ಹಣೆ ಇಳಿದು, ಮೂಗು ಹತ್ತಿ, ತುಟಿಯ ಹತ್ತಿರ ನಿಲ್ಲುತ್ತದೆ. ನೆರಳಿನ ತುಟಿ ಅದುರುತ್ತಿದೆ. ಗೊರಕೆಯಲ್ಲೂ ಶ್ರದ್ಧೆ ಸ್ವಲ್ಪ ಹೆಚ್ಚಾಯಿತು.

"ಎಚ್ಚರ ಇದೀಯೇನೇ?"

"ಬೆಟ್ಟ ಮಾತಾಡಲ್ಲ."

"ಯಾವಾಗಿಂದ ಗೊತ್ತು ನಿಂಗೆ?"

"ಮೂರನೇ ಪರದೆಯಿಂದ. ನನ್ನ ಮೂಗು ನಂಗೆ ಗೊತ್ತಾಗಲ್ವಾ? ಬೇಗ ಗೆರೆ ಎಳಿಯೇ ಮಹಾತಾಯಿ, ಬೆನ್ನು ಬಿದ್ದೋಗ್ತಿದೆ!"

ಅಲಾರಂ ಹೊಡೆಯುತ್ತದೆ. ಇಬ್ಬರೂ ಅದನ್ನು ಮುಟ್ಟುವುದಿಲ್ಲ. ಮೊಣಕಾಲಿನ ಗೆರೆ ಮುಗಿದ ಮೇಲೆಯೇ ಬೆಟ್ಟ ಸೊಂಟ ಹಿಡಿದುಕೊಂಡು ಏಳುತ್ತದೆ.

ಭಾನುವಾರ ಸಂಜೆ ಸ್ಟುಡಿಯೋದಾತ ಹೊಸ ಪರದೆ ತೂಗುಹಾಕಿ ಒಂದು ನಿಮಿಷ ನೋಡುತ್ತಾನೆ. ಆಮೇಲೆ ಬಾಯಿ ತುಂಬ ಆಕಳಿಸುತ್ತಾನೆ. "ಇದೇ ಅಕ್ಕಾ. ಇದೇ ಬೆಟ್ಟ."

ಪರದೆಯಾಕೆಗೆ ಇನ್ನು ಉಳಿದಿರುವುದು ಒಂದೇ ಆಸೆ. "ಊರೋರೆಲ್ಲ ಈ ಬೆಟ್ಟದ ಮುಂದೆ ಫೋಟೋ ತೆಗೆಸ್ಕೊಂಡಿದಾರೆ. ನಾವಿಬ್ರೇ ಇಲ್ಲ. ಬಾರೇ, ಕೂತ್ಕೊಳ್ಳೋಣ."

ಬೆನ್ನಿಗೆ ಪಟ್ಟಿ ಬಿಗಿದುಕೊಂಡ ಡ್ರೈವರಮ್ಮ ಸ್ಟುಡಿಯೋ ಬಾಗಿಲಿಗೆ ಒರಗಿ ತಮ್ಮ ಮೂಗನ್ನೊಮ್ಮೆ ದೂರದಿಂದ ನೋಡುತ್ತಾರೆ.

"ನಾನು ಆಗ್ಲೇ ಅದ್ರಲ್ಲಿದೀನಲ್ಲ. ನೀನೊಬ್ಳೇ ಕೂತ್ಕೋ, ಫೋಟೋದಲ್ಲಿ ಇಬ್ರೂ ಬರ್ತೀವಿ."